ದಮ್ಮಿನ ಕಾಯಿಲೆಯವರಿಗೆ ಮರೆವಿನ ಬಗ್ಗೆ ಯಾರು ಕೇಳುತ್ತಾರೆ?

ಎದೆ ಡಾಕ್ಟರ ಹತ್ತಿರ ಹೋದರೆ ಏನೇನು ಕೇಳುತ್ತಾರೆ ಅನ್ನುವುದು ನಮ್ಮ ಮನೆಯವರಿಗೆಲ್ಲ ಬಾಯಿಪಾಠ. ಕೆಮ್ಮು ಹೇಗಿದೆ? ಕಫ ಬಿಳಿಯಾ, ಹಳದಿಯಾ? ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ? ಅಂಗಳದಿಂದ ರಸ್ತೆಗೆ ಹೋಗುವಷ್ಟರಲ್ಲಿ ನಿಂತು ಸುಧಾರಿಸಿಕೊಳ್ಳಬೇಕಾ? ಕಾಲು ಊದಿದೆಯಾ? ಆಮೇಲೆ ಬೆರಳಿಗೆ ಆಕ್ಸಿಮೀಟರ್, ಬೆನ್ನಿಗೆ ಸ್ಟೆಥಾಸ್ಕೋಪ್, ಕೈಗೆ ಚೀಟಿ. ಮರೆವು ಇದೆಯಾ, ಲೆಕ್ಕ ತಪ್ಪುತ್ತಾ, ಹೇಳಿದ್ದು ತಲೆಗೆ ಹೋಗಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾವೂ ಹೇಳುವುದಿಲ್ಲ. ತಲೆಯ ವಿಷಯ ಎದೆ ಡಾಕ್ಟರಿಗೆ ಯಾಕೆ ಅಂತ ಸುಮ್ಮನಿರುತ್ತೇವೆ. ಮನೆಗೆ ಬಂದ ಮೇಲೆ ವಯಸ್ಸಾಯ್ತಲ್ಲ, ಅರಳು ಮರಳು ಅಂದು ಮಾತು ಮುಗಿಸುತ್ತೇವೆ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ನಮ್ಮ ದೊಡ್ಡಮ್ಮನಿಗೆ ಸಿಒಪಿಡಿ, ಅಂದರೆ ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ಕಾಡುವ ದಮ್ಮಿನ ಕಾಯಿಲೆ. ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಊದಿಸುವ ಪರೀಕ್ಷೆ ಮಾಡಿ ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ದೊಡ್ಡಮ್ಮ ನನ್ನ ಕಡೆ ತಿರುಗಿ, "ಎಂತ ಮಾರಾಯ್ತಿ, ನಾನೇನು ಬೀಡಿ ಸೇದಿದ್ನಾ?" ಅಂದಿದ್ದರು. ಸೇದಿಲ್ಲ. ಒಲೆ ಊದಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂಘದ ಲೆಕ್ಕ

ಊರಿನ ಸ್ತ್ರೀಶಕ್ತಿ ಸಂಘದ ಸಭೆ ವಾರಕ್ಕೊಮ್ಮೆ ಅವರ ಮನೆ ಜಗಲಿಯಲ್ಲೇ ನಡೆಯುತ್ತದೆ. ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ಪುಸ್ತಕದಲ್ಲಿ ಬರೆಯಲು ಪಿಯುಸಿ ಮಾಡಿದ ಹುಡುಗಿ ಒಬ್ಬಳಿದ್ದಳು. ಆದರೆ ಪುಸ್ತಕಕ್ಕೂ ದೊಡ್ಡಮ್ಮನ ಬಾಯಿಗೂ ತಾಳೆಯಾಗದೇ ಇದ್ದರೆ ಎಲ್ಲರೂ ಪುಸ್ತಕ ತಿದ್ದಿಸುತ್ತಿದ್ದರು. ನೂರಕ್ಕೆ ಎರಡು ರೂಪಾಯಿ ಬಡ್ಡಿ. ಹನ್ನೆರಡು ಸಾವಿರ ತೆಗೆದುಕೊಂಡವಳು ಹೋದ ತಿಂಗಳು ಸಾವಿರ ಕಟ್ಟಿದ್ದರೆ ಈ ತಿಂಗಳ ಬಡ್ಡಿ ಎಷ್ಟು ಅನ್ನುವುದನ್ನು ಆ ಹೆಂಗಸು ಕೇಳಿ ಮುಗಿಸುವ ಮೊದಲೇ ಹೇಳುತ್ತಿದ್ದರು. ಜೊತೆಗೆ "ನಿನ್ನ ಮಗನ ಫೀಸು ಕಟ್ಟಿದ್ಯಾ?" ಅಂತಲೂ ಕೇಳುತ್ತಿದ್ದರು.

ನಾನು ಊರಿಗೆ ಹೋಗಿದ್ದಾಗ ಒಂದು ಸಭೆಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಉಳಿತಾಯದ ದುಡ್ಡು ಒಟ್ಟಾಗಿತ್ತು, ಎಲ್ಲ ಐವತ್ತರ ನೋಟು. ದೊಡ್ಡಮ್ಮ ಎಣಿಸಲು ಶುರು ಮಾಡಿದರು. ಮಧ್ಯದಲ್ಲಿ ಯಾರೋ ಅಂಗನವಾಡಿ ವಿಷಯ ಎತ್ತಿದರು. ದೊಡ್ಡಮ್ಮ ಹೂಂ ಅಂದು ಮತ್ತೆ ಮೊದಲಿಂದ ಎಣಿಸಿದರು. ಹನ್ನೊಂದೋ ಹನ್ನೆರಡೋ ಆಗುವಷ್ಟರಲ್ಲಿ ಕೆಮ್ಮು ಬಂತು. ಇನ್ನೊಮ್ಮೆ ಮೊದಲಿಂದ. ಆಗ ಒಬ್ಬಳು ತನ್ನ ಸಾಲದ ಬಾಕಿ ಕೇಳಿದಳು. ದೊಡ್ಡಮ್ಮ ಅವಳ ಮುಖ ನೋಡಿ "ಎಷ್ಟು ಅಂದೆ?" ಅಂದರು. ಅವಳು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಎಷ್ಟು ಅಂದೆ?" ಜಗಲಿಯಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮ್ಮ ನೋಟುಗಳನ್ನು ಸರಿಯಾಗಿ ಜೋಡಿಸಿ, ಅಂಚು ಒತ್ತಿ, ಅತ್ತಿಗೆಯ ಕೈಗೆ ಕೊಟ್ಟು, "ನೀನೇ ಎಣಿಸು. ನಂಗೆ ದಮ್ಮು ಕಟ್ತಾ ಇದೆ" ಅಂದರು.

ಸಭೆ ಮುಗಿಸಿ ಹೋಗುವಾಗ ಅಂಗಳದಲ್ಲಿ ಮಾತು ಕೇಳಿಸಿತು. ವಯಸ್ಸಾಯ್ತು ಪಾಪ, ಇನ್ನು ಅವರಿಗೆ ಈ ಕೆಲಸ ಬೇಡ ಅಂತ. ಆಗ ಅವರಿಗೆ ಅರವತ್ತೂ ಆಗಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ದೊಡ್ಡಮ್ಮ ದಮ್ಮಿನ ಮೇಲೆ ಹಾಕಿದರು, ಊರಿನವರು ವಯಸ್ಸಿನ ಮೇಲೆ ಹಾಕಿದರು. ಇಬ್ಬರಲ್ಲಿ ನಿಜಕ್ಕೆ ಹತ್ತಿರ ಇದ್ದವರು ದೊಡ್ಡಮ್ಮ.

ಎದೆಯಿಂದ ತಲೆಗೆ

ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ಸುಮಾರು 2%. ಸುಮ್ಮನೆ ಕೂತಾಗಲೂ ಮೈ ಬಳಸುವ ಆಕ್ಸಿಜನ್‌ನಲ್ಲಿ ಅದರ ಪಾಲು ಸುಮಾರು 20%. ಅದಕ್ಕೆ ಕೂಡಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಆಗಿಂದಾಗ್ಗೆ ಬರುತ್ತಲೇ ಇರಬೇಕು. ಸಿಒಪಿಡಿಯಲ್ಲಿ ಗಾಳಿಯ ಕೊಳವೆಗಳು ಊದಿಕೊಂಡು ಕಿರಿದಾಗುತ್ತವೆ. ಒಳಗಿನ ಗಾಳಿಚೀಲಗಳು ಹರಿದುಹೋಗುತ್ತವೆ. ಬರಬೇಕಾದ ಗಾಳಿ ಬರುವುದಿಲ್ಲ, ಹೋಗಬೇಕಾದ ಗಾಳಿ ಪೂರ್ತಿ ಹೋಗುವುದಿಲ್ಲ. ಇದರ ಪೆಟ್ಟು ಎದೆಯಲ್ಲೇ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳಲು ಕಾರಣವೇ ಇಲ್ಲ, ಅಲ್ವಾ?

ಇದು ಹೊಸ ಸಂಗತಿಯೂ ಅಲ್ಲ. 1970ರ ದಶಕದ ಕೊನೆಗೆ ಉತ್ತರ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ರಕ್ತದಲ್ಲಿ ಆಕ್ಸಿಜನ್ ತುಂಬಾ ಕಡಿಮೆ ಇದ್ದ 203 ಸಿಒಪಿಡಿ ರೋಗಿಗಳು. ಅರ್ಧ ಜನಕ್ಕೆ ರಾತ್ರಿ ಮಾತ್ರ ಆಕ್ಸಿಜನ್, ಉಳಿದವರಿಗೆ ಹಗಲು ರಾತ್ರಿ ಎರಡೂ ಹೊತ್ತು. ರಾತ್ರಿ ಮಾತ್ರ ಪಡೆದವರಲ್ಲಿ ಸಾವು ಹೆಚ್ಚುಕಡಿಮೆ ಎರಡು ಪಟ್ಟು ಅಂತ 1980ರಲ್ಲಿ ಪ್ರಕಟವಾಯಿತು. ಇವತ್ತಿಗೂ ಮನೆಯಲ್ಲಿ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಹಾಕಿಕೊಳ್ಳಿ ಅಂತ ಡಾಕ್ಟರು ಹೇಳುವುದಕ್ಕೆ ಈ ಅಧ್ಯಯನ ಮತ್ತು ಬ್ರಿಟನ್ನಿನ ಇನ್ನೊಂದು ಅಧ್ಯಯನ ಬುನಾದಿ. ಇಷ್ಟು ಎಲ್ಲರಿಗೂ ಗೊತ್ತಿರುವ ಭಾಗ. ಅದೇ ರೋಗಿಗಳಿಗೆ ನೆನಪು, ಗಮನ, ಲೆಕ್ಕ, ಕೈಚಳಕದ ಪರೀಕ್ಷೆಗಳನ್ನೂ ಮಾಡಿದ್ದರು. 1982ರಲ್ಲಿ ಆ ಫಲಿತಾಂಶ ಬಂತು. ರೋಗಿಗಳಲ್ಲಿ 42% ಜನಕ್ಕೆ ಮಿದುಳಿನ ಕೆಲಸದಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ತೊಂದರೆ ಇತ್ತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಲ್ಲಿ ಅದು 14%. ಆಕ್ಸಿಜನ್ ಕೊಟ್ಟು ಆರು ತಿಂಗಳಾದ ಮೇಲೆ ಮತ್ತೆ ನೋಡಿದಾಗ ಅಲ್ಪಸ್ವಲ್ಪ ಸುಧಾರಣೆ ಕಂಡಿತು. ವರ್ಷವಾಗುವಷ್ಟರಲ್ಲಿ ಹಗಲು ರಾತ್ರಿ ಆಕ್ಸಿಜನ್ ಪಡೆದವರು ಮುಂದಿದ್ದರು. ಇಷ್ಟು ಗೊತ್ತಾಗಿ ನಾಲ್ಕು ದಶಕ ಕಳೆದಿದೆ. ಆ ಒಂದು ಪ್ರಶ್ನೆ ಇನ್ನೂ ನಮ್ಮ ಚೀಟಿಗಳಿಗೆ ಬಂದಿಲ್ಲ ಅನ್ನುವುದೇ ನನ್ನ ಬೇಸರ.

ಎಂಥ ಮರೆವು ಅನ್ನುವುದನ್ನೂ ಗಮನಿಸಬೇಕು. ದೊಡ್ಡಮ್ಮನಿಗೆ ಮದುವೆಯ ಹಸೆ ಹಾಡು ಇವತ್ತಿಗೂ ಒಂದಕ್ಷರ ತಪ್ಪುವುದಿಲ್ಲ. ಯಾರ ಮನೆ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿದ್ದು ಅನ್ನುವುದೂ ನೆನಪಿದೆ. ಅದಕ್ಕೇ ಮನೆಯವರು ಮೋಸ ಹೋಗುತ್ತಾರೆ. ಹಳೆಯದೆಲ್ಲ ನೆನಪಿದೆ, ಇದೊಂದು ಮಾತ್ರ ನೆನಪಿಲ್ವಾ ಅಂತ ರೇಗುತ್ತಾರೆ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಗಮನಕ್ಕೆ. ಒಂದನ್ನು ತಲೆಯಲ್ಲಿಟ್ಟುಕೊಂಡು ಇನ್ನೊಂದನ್ನು ಮಾಡುವ ಶಕ್ತಿಗೆ. ಹೊಸದನ್ನು ಕಲಿಯುವುದಕ್ಕೆ. ಯೋಚನೆಯ ವೇಗಕ್ಕೆ. ನೋಟು ಎಣಿಸುತ್ತಾ ಬಡ್ಡಿ ಲೆಕ್ಕ ಹಾಕುವುದಕ್ಕೆ ಇವೆಲ್ಲ ಬೇಕು. ಹಸೆ ಹಾಡಿಗೆ ಬೇಡ.

ಆಕ್ಸಿಜನ್ ಕೊರತೆಯೊಂದೇ ಕಾರಣ ಅಂದರೆ ಅದೂ ತಪ್ಪಾಗುತ್ತದೆ. ಈ ಕಾಯಿಲೆಯ ಉರಿಯೂತ ಶ್ವಾಸಕೋಶದಲ್ಲಷ್ಟೇ ಇರುವುದಿಲ್ಲ, ರಕ್ತದಲ್ಲೂ ಓಡಾಡುತ್ತದೆ. ಮಿದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ. ರಾತ್ರಿಯಿಡೀ ಕೆಮ್ಮಿ ನಿದ್ದೆ ಇರುವುದಿಲ್ಲ. ದಮ್ಮು ಬರುತ್ತೆ ಅಂತ ಹೆದರಿ ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಮೈಯೂ ಜಡ, ಮನಸ್ಸೂ ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ನೆನಪು ಹಿಡಿಯುವುದಿಲ್ಲ. ಸ್ಟೆರಾಯ್ಡ್ ಮಾತ್ರೆಗಳು ಕೆಲವರ ನಿದ್ದೆ ಮತ್ತು ಮನಸ್ಸನ್ನು ಕೆಡಿಸುತ್ತವೆ. ಇದರ ಜೊತೆಗೆ ಬಿ12 ಕೊರತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಇವೆಲ್ಲ ಮರೆವಿನಂತೆಯೇ ಕಾಣಬಹುದು. ಇವುಗಳಲ್ಲಿ ಹಲವನ್ನು ಪರೀಕ್ಷೆ ಮಾಡಿ ಸರಿಪಡಿಸಬಹುದು. ಕೇಳಿದರೆ ತಾನೇ ಗೊತ್ತಾಗುವುದು?

ಮಳೆಗಾಲದ ಒಂದು ಬೆಳಿಗ್ಗೆ

ಆಷಾಢದ ಮಳೆ. ದೊಡ್ಡಮ್ಮನಿಗೆ ಕೆಮ್ಮು ಜಾಸ್ತಿಯಾಗಿತ್ತು, ಕಫ ಹಸಿರಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅನ್ನುತ್ತಿದ್ದರು. ಥಂಡಿಗೆ ಅಂತ ಅಮೃತಾಂಜನ ಹಚ್ಚುತ್ತಿದ್ದರು. ಆವತ್ತು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದರು. ಎಬ್ಬಿಸಿದರೆ ಕಣ್ಣು ಬಿಟ್ಟು, "ಹಾಲು ಡೈರಿಗೆ ಹೋಯ್ತಾ?" ಅಂದರು. ಕೊಟ್ಟಿಗೆ ಖಾಲಿಯಾಗಿ ಎಷ್ಟೋ ವರ್ಷ ಆಗಿತ್ತು. ಅತ್ತಿಗೆಯನ್ನು ನಮ್ಮ ತೀರಿಹೋದ ಅತ್ತೆಯ ಹೆಸರು ಹಿಡಿದು ಕರೆದರು. ಸೆರಗಿನ ಅಂಚನ್ನು ಮಡಿಚುವುದು, ಬಿಡಿಸುವುದು, ಮತ್ತೆ ಮಡಿಚುವುದು. ಆಕ್ಸಿಮೀಟರ್ 84 ತೋರಿಸುತ್ತಿತ್ತು.

ಜೀಪು ಬರುವಷ್ಟರಲ್ಲಿ ನೆರೆಯವರು ಬಂದರು. ಕೋವಿಡ್ ನೋಡಿದ ಮೇಲೆ ಆಕ್ಸಿಜನ್ ಅಂದರೆ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಆಸ್ಪತ್ರೆಗೆ ಹೋದ ಕೂಡಲೇ ಫುಲ್ ಇಡಲಿಕ್ಕೆ ಹೇಳಿ ಅಂತ ಒಬ್ಬರು ಅಣ್ಣನಿಗೆ ಹೇಳಿ ಕಳಿಸಿದರು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ದೊಡ್ಡಮ್ಮನಿಗೆ, "ಅಮ್ಮಾ, ಬಸ್ಸು ನಿಲ್ಲಿಸೋ ಹಾಗೆ ಎರಡೂ ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡೀರಿ" ಅಂದರು. ದೊಡ್ಡಮ್ಮ ಹಿಡಿದರು. ಕೈ ನಿಲ್ಲಲಿಲ್ಲ. ಮಣಿಕಟ್ಟು ಪಟಪಟ ಕೆಳಗೆ ಬೀಳುತ್ತಿತ್ತು. ಡಾಕ್ಟರು ತಕ್ಷಣ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಕಳಿಸಿದರು. ಇಂಗಾಲದ ಡೈಆಕ್ಸೈಡ್ 35ರಿಂದ 45 ಇರಬೇಕಾದ್ದು 70 ದಾಟಿತ್ತು.

ಇದು ಎರಡನೆಯ ದಾರಿ. ಒಳಗೆ ಬರುವ ಗಾಳಿ ಕಡಿಮೆಯಾಗುವುದು ಒಂದು, ಹೊರಗೆ ಹೋಗಬೇಕಾದ ಡೈಆಕ್ಸೈಡ್ ರಕ್ತದಲ್ಲೇ ಉಳಿಯುವುದು ಇನ್ನೊಂದು. ಅದು ಏರಿದಾಗ ಮಿದುಳಿಗೆ ಮಂಪರು ಕವಿಯುತ್ತದೆ. ಬೆಳಗಿನ ತಲೆನೋವು, ತೂಕಡಿಕೆ, ತಲೆಬುಡವಿಲ್ಲದ ಮಾತು, ಕೈ ಪಟಪಟ ಅನ್ನುವುದು ಇವೆಲ್ಲ ಅದರ ಲಕ್ಷಣ. ಇಂಥವರಿಗೆ ಆಕ್ಸಿಜನ್ ಮಿತಿಮೀರಿ ಕೊಟ್ಟರೆ ಡೈಆಕ್ಸೈಡ್ ಇನ್ನೂ ಏರಬಹುದು. ಹಾಗಾಗಿ ಇವರಿಗೆ ಆಕ್ಸಿಮೀಟರ್‌ನಲ್ಲಿ 88ರಿಂದ 92ರ ಒಳಗೆ ಇಟ್ಟುಕೊಳ್ಳುತ್ತಾರೆ, 98ಕ್ಕೆ ಏರಿಸುವುದಿಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 405 ಜನರನ್ನು ಆಂಬ್ಯುಲೆನ್ಸ್‌ನಿಂದಲೇ ಎರಡು ಗುಂಪು ಮಾಡಿ ನೋಡಿದ್ದರು. ಧಾರಾಳವಾಗಿ ಆಕ್ಸಿಜನ್ ಕೊಟ್ಟ ಗುಂಪಿನಲ್ಲಿ 9% ಜನ ಸತ್ತರು, ಅಳೆದು ಕೊಟ್ಟ ಗುಂಪಿನಲ್ಲಿ 4%. ಇದು 2010ರಲ್ಲಿ ಪ್ರಕಟವಾಯಿತು. ಡ್ಯೂಟಿ ಡಾಕ್ಟರು ಅಣ್ಣನಿಗೆ ಇದನ್ನೇ ಸರಳವಾಗಿ ಬಿಡಿಸಿ ಹೇಳಿದರು. ಅಣ್ಣ ಮರುಮಾತಾಡಲಿಲ್ಲ. ದೊಡ್ಡಮ್ಮನ ಮುಖಕ್ಕೆ ಬೈಪ್ಯಾಪ್ ಮಾಸ್ಕ್, ಅಂದರೆ ಗಾಳಿಯನ್ನು ಒತ್ತಡದಿಂದ ತಳ್ಳಿ ಉಸಿರಾಟಕ್ಕೆ ನೆರವಾಗುವ ಮಷಿನ್ನಿನ ಮಾಸ್ಕ್, ಬಿಗಿದರು. ಕಿತ್ತು ಎಸೆಯಲು ನೋಡುತ್ತಿದ್ದರು, ನಾನೂ ಅತ್ತಿಗೆಯೂ ಸರದಿಯಲ್ಲಿ ಕೈ ಹಿಡಿದುಕೊಂಡು ಕೂತಿದ್ದೆವು. ಮಂಪರು ತಿಳಿಯಾದ ದಿನ ಮಾಸ್ಕ್ ತೆಗೆದ ಕೂಡಲೇ ಅವರು ಕೇಳಿದ್ದು, "ಈ ವಾರದ ಸಂಘದ ದುಡ್ಡು ಬ್ಯಾಂಕಿಗೆ ಕಟ್ಟಿದ್ರಾ?" ಅಂತ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಕ್ಸಿಮೀಟರ್‌ನ ಅಂಕಿಯನ್ನೇ ಪೂರ್ತಿ ನೆಚ್ಚಿಕೊಳ್ಳಬೇಡಿ. ಅದು ಡೈಆಕ್ಸೈಡ್ ತೋರಿಸುವುದೇ ಇಲ್ಲ. ಕಪ್ಪು ಚರ್ಮದವರಲ್ಲಿ ಅದು ಆಕ್ಸಿಜನ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ನಮ್ಮ ಬೆರಳುಗಳಿಗೂ ಇದು ಅನ್ವಯಿಸುವ ಮಾತು. ಅಂಕಿ ಸರಿ ಇದ್ದೂ ಮನುಷ್ಯ ಬೇರೆ ಥರ ಮಾತಾಡುತ್ತಿದ್ದರೆ ಮನುಷ್ಯನನ್ನು ನಂಬಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನುಂಗುವ ಮಾತ್ರೆಯಲ್ಲ

ಈ ಕಾಯಿಲೆಯ ಔಷಧಿ ತೆಗೆದುಕೊಳ್ಳುವುದಕ್ಕೇ ಚುರುಕು ತಲೆ ಬೇಕು ಅನ್ನುವುದು ನನಗೆ ದೊಡ್ಡ ಅನ್ಯಾಯ ಅನ್ನಿಸುತ್ತದೆ. ಬಿಪಿ ಮಾತ್ರೆಯಾದರೆ ನೀರು ಕುಡಿದು ನುಂಗಿದರೆ ಮುಗಿಯಿತು. ಬಾಯಿಗಿಟ್ಟು ಎಳೆಯುವ ಪಂಪು, ಅಂದರೆ ಇನ್ಹೇಲರ್, ಹಾಗಲ್ಲ. ಅಲ್ಲಾಡಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿ ಹಿಡಿಯಬೇಕು, ನಿಧಾನ ಎಳೆಯಲು ಶುರು ಮಾಡಿದ ಗಳಿಗೆಯಲ್ಲೇ ಒತ್ತಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೆರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ ಇನ್ನೊಂದು ಥರ. ಅದನ್ನು ಜೋರಾಗಿ ಎಳೆಯಬೇಕು. ಕೆಲವರಿಗೆ ಎರಡೂ ಇರುತ್ತವೆ. ಜೊತೆಗೆ ದಿನದಿನಕ್ಕೆ ಇಳಿಸುತ್ತಾ ಹೋಗುವ ಸ್ಟೆರಾಯ್ಡ್ ಮಾತ್ರೆ. ಇಷ್ಟನ್ನೂ ಗಮನ ನಿಲ್ಲದ ಒಬ್ಬರಿಗೆ, ಹೊರಗೆ ಸಾಲು ನಿಂತಿರುವಾಗ ಗಡಿಬಿಡಿಯಲ್ಲಿ ಒಂದು ಸಲ ತೋರಿಸಿ "ಗೊತ್ತಾಯ್ತಾ ಅಜ್ಜಿ?" ಅಂತ ಕೇಳಿದರೆ ಅವರು ಹೂಂ ಅನ್ನದೆ ಇನ್ನೇನು ಅಂದಾರು?

ದೊಡ್ಡಮ್ಮನೂ ಹೂಂ ಅಂದಿದ್ದರು. ಮನೆಗೆ ಬಂದು, ಎಳೆಯಬೇಕಾದ ಕ್ಯಾಪ್ಸೂಲನ್ನು ಊಟವಾದ ಮೇಲೆ ನೀರಿನ ಜೊತೆ ನುಂಗುತ್ತಿದ್ದರು. ಅತ್ತಿಗೆಗೆ ಗೊತ್ತಾಗಿದ್ದು ಸಾಧನ ಡಬ್ಬದೊಳಗೆ ಹೊಸದರಂತೆಯೇ ಇದ್ದದ್ದು ನೋಡಿ. ಇದು ಎಷ್ಟು ಸಾಮಾನ್ಯ ಅಂತ ಯಾವ ಎದೆ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಡೋಸು ಏರಿಸುವ ಮೊದಲು ತೆಗೆದುಕೊಳ್ಳುವ ರೀತಿ ನೋಡಬೇಕು. ತೋರಿಸಿ ಕಳಿಸಿದರೆ ಸಾಲದು, ಅವರಿಂದಲೇ ಮಾಡಿಸಿ ನೋಡಬೇಕು, ಪ್ರತಿ ಸಲವೂ. ಈಗ ಅವರಿಗೆ ಒಂದೇ ಥರದ ಸಾಧನ, ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ದಪ್ಪ ಕೊಳವೆ) ಇಟ್ಟು ಪಂಪು. ಡಾಕ್ಟರನ್ನು ಕೇಳಿ ಹಾಗೆ ಬದಲಾಯಿಸಿಕೊಂಡೆವು. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಹೊಂದಿಸುವ ಕಷ್ಟ ಅದರಲ್ಲಿ ಕಡಿಮೆ. ಬೆಳಿಗ್ಗೆ ಕಾಫಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದ ಜಾಗದಲ್ಲೇ, ಅವರೇ ಗೀಟು ಹಾಕುತ್ತಾರೆ.

ನಡಿಗೆಯೂ ಔಷಧಿಯೇ. ಪಲ್ಮನರಿ ರಿಹ್ಯಾಬ್ ಅನ್ನುವ ಕ್ರಮಬದ್ಧ ವ್ಯಾಯಾಮದಿಂದ ಉಸಿರಿನ ಜೊತೆ ಗಮನ ಮತ್ತು ನೆನಪೂ ಸ್ವಲ್ಪ ಸುಧಾರಿಸುವುದನ್ನು ಹಲವು ಅಧ್ಯಯನಗಳು ಕಂಡಿವೆ. ನಮ್ಮ ಹಳ್ಳಿಗಳಿಗೆ ಅದು ಎಲ್ಲಿ ಬರಬೇಕು? ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ಅಂಗಳದಲ್ಲಿ ಮಾಡುತ್ತಾರೆ. ಮನೆಗೆ ಆಕ್ಸಿಜನ್ ಮಷಿನ್ ತರೋಣ ಅಂತ ಅಣ್ಣ ಹೊರಟಿದ್ದ. ಡಾಕ್ಟರು ಬೇಡ ಅಂದರು. ಆರಾಮಾಗಿ ಇರುವಾಗಲೂ 88 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಜೀವ ಉಳಿಸುತ್ತದೆ. ಅಷ್ಟು ಇಳಿಯದವರಿಗೆ ಅದರಿಂದ ಆಯುಸ್ಸೇನೂ ಹೆಚ್ಚಲಿಲ್ಲ ಅಂತ 2016ರ ಒಂದು ದೊಡ್ಡ ಅಧ್ಯಯನ ತೋರಿಸಿದೆ. ದೊಡ್ಡಮ್ಮನಿಗೆ ಸಾಮಾನ್ಯ ದಿನಗಳಲ್ಲಿ 92, 93 ಇರುತ್ತದೆ. ಮುಂದೊಂದು ದಿನ ಬೇಕಾದರೆ ನಮ್ಮ ಕಡೆಯ ಮಳೆಗಾಲದ ಕರೆಂಟಿನ ಚಿಂತೆ ಶುರುವಾಗುತ್ತದೆ. ಐದು ಲೀಟರಿನ ಮಷಿನ್ ಸುಮಾರು 300 ವ್ಯಾಟ್ ಎಳೆಯುತ್ತದೆ. ಮನೆಯ ಯುಪಿಎಸ್ ಅದನ್ನು ಎಷ್ಟು ಹೊತ್ತು ತಡೆದೀತು?

ಒಲೆ

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಬಗ್ಗೆ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಲೆಕ್ಕ ಸುಲಭ. ಸೌದೆ, ಬೆರಣಿ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಕೂತಿದ್ದೀರಿ, ಎಷ್ಟು ವರ್ಷ ಕೂತಿದ್ದೀರಿ, ಎರಡನ್ನೂ ಗುಣಿಸಿ. 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ, ಅಂದರೆ ಬಿಡದೆ ಕಾಡುವ ಕಫದ ಕೆಮ್ಮಿನ, ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತದೆ ಅಂತ ಅವರು ಕಂಡುಕೊಂಡರು. ದೊಡ್ಡಮ್ಮ ಮದುವೆಯಾಗಿ ಬಂದಲ್ಲಿಂದ ಗ್ಯಾಸ್ ಬರುವವರೆಗೆ ಸುಮಾರು 35 ವರ್ಷ, ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲ. 140. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಲೆಕ್ಕಕ್ಕೆ ಸೇರಿಸಿಲ್ಲ. ಈ ಲೆಕ್ಕವನ್ನು ನಾನು ಅವರ ಮುಂದೆಯೇ ಹಾಕಿದೆ. ಬೀಡಿಯ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನುವಂತೆ ತಲೆಯಾಡಿಸಿದರು.

ಹೊಗೆ ಶ್ವಾಸಕೋಶದ ಮೂಲಕ ಮಾತ್ರ ಮಿದುಳನ್ನು ಕೆಡಿಸುತ್ತದೆ ಅಂತಲೂ ಅಲ್ಲ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ಕೊಟ್ಟ ವರದಿ, ನಾವು ತಡೆಯಬಹುದಾದ ಕಾರಣಗಳ ಪಟ್ಟಿಗೆ ವಾಯುಮಾಲಿನ್ಯವನ್ನೂ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹೊಗೆ ಕೊಳವೆಯ ಅಸ್ತ್ರ ಒಲೆ ಮಾಡಿಕೊಟ್ಟಿತ್ತು. ನಮ್ಮ ಅಜ್ಜಿಯ ಕಾಲದವರಿಗೆ ಅದರ ನೆನಪಿದೆ. 2016ರಲ್ಲಿ ಉಜ್ವಲಾ ಯೋಜನೆ ಬಂತು, ಹಳ್ಳಿಹಳ್ಳಿಗೂ ಸಿಲಿಂಡರ್ ಮುಟ್ಟಿತು. ಆದರೂ ಅನ್ನ ಗ್ಯಾಸಿನ ಮೇಲೆ, ಸ್ನಾನದ ನೀರು ಸೌದೆಯಲ್ಲಿ ಅನ್ನುವ ಮನೆಗಳೇ ನಮ್ಮ ಕಡೆ ಜಾಸ್ತಿ. ಸಿಲಿಂಡರಿನ ರೇಟು ನೋಡಿದರೆ ತಪ್ಪು ಅನ್ನಲಾಗುವುದಿಲ್ಲ, ತೋಟದಲ್ಲಿ ಸೌದೆ, ಹಾಳೆ, ಸೋಗೆ ಬಿದ್ದಿರುತ್ತವೆ.

ಅಣ್ಣನ ಮನೆಯಲ್ಲೂ ಸೋಲಾರ್ ಇದೆ. ಬೇಸಿಗೆಯಲ್ಲಿ ನೀರು ಸುಡುತ್ತದೆ, ಮಳೆಗಾಲದ ನಾಲ್ಕು ತಿಂಗಳು ತಣ್ಣಗೆ. ಆಗ ಹಂಡೆಗೇ ಬೆಂಕಿ. ಹಸಿ ಸೌದೆ ಬೇರೆ. ದೊಡ್ಡಮ್ಮನಿಗೆ ಆ ಬೆಂಕಿ ಬೇರೆಯವರು ಹಾಕಿದರೆ ಸಮಾಧಾನವಿಲ್ಲ, ಹೋಗಿ ಮುಂದೆ ಕೂರುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಇದಕ್ಕೆ ಮನೆಯಲ್ಲಿ ಜಗಳವೇ ಆಗಿದೆ. ಬಚ್ಚಲ ಒಲೆಯ ಬಾಯಿಯನ್ನು ಹೊರಗೋಡೆಗೆ ತಿರುಗಿಸಿ, ಕೊಳವೆಯನ್ನು ಮಾಡಿನಿಂದ ಮೇಲಕ್ಕೆ ಎತ್ತರಿಸಲು ಗಾರೆಯವರಿಗೆ ಹೇಳಿ ಆಗಿದೆ. ಮೃಗಶಿರಾ ಮಳೆ ಶುರುವಾಗುವ ಮೊದಲು ಬಂದು ಮಾಡಿಕೊಡುತ್ತೇವೆ ಅಂದಿದ್ದಾರೆ. ಅಲ್ಲಿವರೆಗೆ ಬೆಂಕಿ ಹಾಕುವುದು ಅಣ್ಣನ ಕೆಲಸ. ಸಂಘದಲ್ಲಿ ನೋಟು ಎಣಿಸುವುದು ಅತ್ತಿಗೆ, ಯಾರು ಎಷ್ಟು ಸಾಲ ತೆಗೆದುಕೊಳ್ಳಬಹುದು ಅಂತ ತೀರ್ಮಾನ ಹೇಳುವುದು ಈಗಲೂ ದೊಡ್ಡಮ್ಮ.